ತವರಿನ ಮಾತು ಬಿಡದ ಕದ

ಬಹಳ ಹಿಂದೆ, ಬಾಗಿಲುಗಳಿಗೆಲ್ಲ ಕಿವಿಯಿದ್ದ ಕದಪುರವೆಂಬ ರಾಜ್ಯದಲ್ಲಿ, ಒಂದು ಮಧ್ಯಾಹ್ನ ಮಹಾರಾಜರ ಮೊಸರನ್ನಕ್ಕೆ ಉಪ್ಪಿನಕಾಯಿ ಬರಲಿಲ್ಲ. ಸುದ್ದಿ ತಿಳಿದು ಪೇಟೆ ಮುಚ್ಚಿತು. ಸೇನಾಪತಿ ಕುದುರೆ ಏರಿದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಇಳಿದ.

ಉಪ್ಪಿನಕಾಯಿ ತರಲು ಉಗ್ರಾಣಕ್ಕೆ ಹೋಗಿದ್ದವನು ರಾಜಕುಮಾರ ಇರಿವ. ಅವನು ಒಳಹೊಕ್ಕೊಡನೆ ಕದ ಮುಚ್ಚಿಕೊಂಡಿತ್ತು. ಅಕ್ಕ ಜಾಕಲೆ ಓಡಿಬಂದು ಕದಕ್ಕೆ ಕಿವಿಗೊಟ್ಟಳು.

“ಅಕ್ಕಾ, ನನ್ನ ಪಾದ ಕಲ್ಲಾಗಿದೆ. ಮೊಣಕಾಲಿಗೆ ಏರುತ್ತಿದೆ.”

“ಏನು ಮುಟ್ಟಿದೆಯೋ?”

“ಮಾವಿನ ಮಿಡಿ. ಎರಡೇ ತಿಂದೆ.”

ಕದಪುರದ ಅರಮನೆಯಲ್ಲಿ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೆಬ್ಬಾಗಿಲಿಗೆ ಹೇಳಿದರೆ ಸಾಕು. ಅದು ನಡುಬಾಗಿಲಿಗೆ ಹೇಳುತ್ತಿತ್ತು, ನಡುಬಾಗಿಲು ಕೋಣೆಗಳಿಗೆ. ತಾಯಿಯ ಮಾತನ್ನು ಮಕ್ಕಳು ಮೀರುತ್ತಿರಲಿಲ್ಲ. ಇದು ಬಾಗಿಲುಗಳಲ್ಲಿ ಮಾತ್ರ ನಡೆಯುತ್ತಿತ್ತು.

ಜಾಕಲೆ ಕದಕ್ಕೆ “ತೆರೆ” ಎಂದಳು. ಕದ “ಆಗದು” ಎಂದಿತು.

ಜಾಕಲೆ ನಡುಬಾಗಿಲಿನ ಬಳಿ ಹೋದಳು. “ಹೇಳಿ ನೋಡಿದೆ ತಾಯೀ, ಅದು ನನಗೆ ಸೊಪ್ಪು ಹಾಕುವುದಿಲ್ಲ,” ಎಂದಿತು ನಡುಬಾಗಿಲು.

ಆಗ ಮಂತ್ರಿ ಬೊಪ್ಪಣ ಹೆಬ್ಬಾಗಿಲಿಗೆ ಹೋಗಿ, “ಎಲ್ಲರಿಗೂ ಎಲ್ಲವನ್ನೂ ತೆರೆ!” ಎಂದು ಕೂಗಿದ. ಖಜಾನೆ ತೆರೆಯಿತು. ಸೆರೆಮನೆ ತೆರೆಯಿತು. ಮಾತನಾಡುವ ಹುಲಿಯ ಬೋನು ತೆರೆಯಿತು. ಹುಲಿ ಬಂದು ಮಂತ್ರಿಯ ಪೀಠದಲ್ಲಿ ಕುಳಿತು ಅಹವಾಲು ಕೇಳತೊಡಗಿತು. ಉಗ್ರಾಣದ ಕದ ಮಾತ್ರ ಅಲುಗಲಿಲ್ಲ.

“ಅಕ್ಕಾ, ಸೊಂಟ!” ಎಂದು ಇರಿವ ಕೂಗಿದ.

ಜಾಕಲೆ ಮಂತ್ರಿಯ ಅಪ್ಪಣೆಯನ್ನು ರದ್ದು ಮಾಡಿಸಿ, ಉಗ್ರಾಣದ ಮುಂದೆ ಕುಳಿತು ಮೆಲ್ಲಗೆ ಕೇಳಿದಳು: “ಕದವೇ, ನಿನ್ನ ತಾಯಿ ಯಾರು?”

“ಮಾಂತ್ರಿಕ ಹೊಗೆಗಣ್ಣನ ಗವಿಬಾಗಿಲು.”

ಆಗ ಅವಳಿಗೆ ಹೊಳೆಯಿತು. ಹೋದ ತಿಂಗಳು ಮಹಾರಾಜರು ಹೊಗೆಗಣ್ಣನನ್ನು ಓಡಿಸಿ, ಅವನ ಗವಿಯಲ್ಲಿದ್ದ ತೇಗದ ಕದ ಚೆನ್ನಾಗಿದೆಯೆಂದು ಕಿತ್ತು ತಂದಿದ್ದರು.

“ಅರಸುಮಕ್ಕಳು ಬಂದರೆ ಒಳಗೆ ಬಿಡು, ಹೊರಗೆ ಬಿಡಬೇಡ, ಕಲ್ಲು ಮಾಡು. ಇದು ನನ್ನ ತಾಯಿಯ ಮಾತು,” ಎಂದಿತು ಕದ.

“ನೀನೀಗ ನಮ್ಮ ಮನೆಯಲ್ಲಿದ್ದೀಯಲ್ಲ!”

“ಇದ್ದರೇನು? ಕಿತ್ತಿರಿ, ಹೊತ್ತಿರಿ, ಜಡಿದಿರಿ. ಮನೆ ತುಂಬಿಸಿಕೊಂಡಿರೇನು? ಬಂದ ಸೊಸೆಗೆ ಸೇರಕ್ಕಿಯಾದರೂ ಇಡುತ್ತೀರಿ. ನಾನು ತವರಿನ ಮಾತು ಯಾಕೆ ಬಿಡಲಿ?”

ಜಾಕಲೆಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಕದದ ಮುಂದೆ ಸೇರು ತುಂಬ ಅಕ್ಕಿಯಿಟ್ಟು, “ತವರಿನ ಮಾತು ತವರಿಗಿರಲಿ. ಒಳಗೆ ಬಾರಮ್ಮ,” ಎಂದಳು.

“ಅಕ್ಕಾ, ಕುತ್ತಿಗೆ!”

ಕದ ಕಿರ್ರೆಂದು ಹೊರಕ್ಕೆ ಸರಿದು ಸೇರನ್ನು ತಳ್ಳಿತು. ಸೇರು ಉರುಳಿತು, ಅಕ್ಕಿ ಚೆಲ್ಲಿತು, “ಮನೆಯವರನ್ನು ಬಿಡು, ಮಾಂತ್ರಿಕರನ್ನು ಬಿಡಬೇಡ” ಎಂಬ ಹೆಬ್ಬಾಗಿಲಿನ ಮಾತು ನಡುಬಾಗಿಲಿನಿಂದ ಹರಿದು ಬಂದು ಕದದ ಕಿವಿ ತುಂಬಿತು. ಕದ ಹಾರುಹೊಡೆಯಿತು. ಕಲ್ಲೆಲ್ಲ ಪುಡಿಯಾಗಿ ಉದುರಿ, ಇರಿವ ನೆಗೆದು ಬಂದು ಅಕ್ಕನನ್ನು ಅಪ್ಪಿಕೊಂಡ. ಅರಮನೆಯ ಅಷ್ಟೂ ಬಾಗಿಲುಗಳು ಪಟಪಟನೆ ಬಡಿದುಕೊಂಡು ಜಯಘೋಷ ಮಾಡಿದವು.

ದೀಪ ಹಚ್ಚುವ ಹೊತ್ತಿಗೆ ಹೊಗೆಗಣ್ಣ ಕಲ್ಲಿನ ರಾಜಕುಮಾರನನ್ನು ಒಯ್ಯಲು ಹೊಗೆಯಾಗಿ ಬಂದು, ತನ್ನದೇ ಕದವಲ್ಲವೇ ಎಂದು ಸಂದಿಯಲ್ಲಿ ನುಸುಳಿದ.

“ಈ ಮನೆಯಲ್ಲಿ ಮಾಂತ್ರಿಕರನ್ನು ಬಿಡುವುದಿಲ್ಲ,” ಎಂದು ಕದ ಮುಚ್ಚಿಕೊಂಡಿತು.

ಹೊಗೆಗಣ್ಣ ಒಂದು ಚಿಟಿಕೆ ಮಸಿಯಾಗಿ ಉದುರಿದ. ಮರುದಿನ ಬೆಳಿಗ್ಗೆ ಅದನ್ನು ಗುಡಿಸಿದರು. ಕದಪುರದವರು ಸುಖವಾಗಿದ್ದರು.