ಮಗುವಿಗೆ ಹಾಲು ಕೊಟ್ಟವರು ಯಾರು?

"ನಾನು ಕೊಟ್ಟಿಲ್ಲ ಸಾರ್. ನನ್ನ ಮಗಳಾಣೆಗೂ ಕೊಟ್ಟಿಲ್ಲ," ಎಂದಳು ಆಕೆ, ಬಾಗಿಲಲ್ಲೇ ನಿಂತು.

ಭಾವ ಕಣ್ಣು ತೆರೆಯದೆ ಕುರ್ಚಿ ತೋರಿಸಿದರು. ವಿಮಾ ಕಂಪನಿಯ ತನಿಖೆ ಕೆಲಸದಿಂದ ನಿವೃತ್ತರಾದರೂ ಜನ ಅವರನ್ನು ಬಿಟ್ಟಿರಲಿಲ್ಲ. ಅಕ್ಕ ತೀರಿಕೊಂಡ ಮೇಲೆ ಅವರ ಜೊತೆಗೇ ಇದ್ದ ನನಗೂ ಬಿಡುವು ಅನ್ನುವುದು ಗಗನಕುಸುಮವಾಗಿತ್ತು.

ಆಕೆ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸದವಳು. ಮಗಳಿಗೆ ಹನಿ ಹಾಲು ಬಾಯಿಗೆ ಬಿದ್ದರೂ ಗಂಟಲು ಬಾತುಕೊಳ್ಳುತ್ತಿತ್ತು. ಡಾಕ್ಟರು ಹೊಸ ಚಿಕಿತ್ಸೆ ಶುರುಮಾಡಿದ್ದರು: ಹಾಲಿನ ಪ್ರೋಟೀನ್ ಸವರಿದ ಚಿಕ್ಕ ಪಟ್ಟಿಯನ್ನು ದಿನವೂ ಬೆನ್ನಿಗೆ ಅಂಟಿಸಬೇಕು, ದೇಹ ಮೆಲ್ಲಗೆ ಹಾಲಿಗೆ ಹೊಂದಿಕೊಳ್ಳುತ್ತದೆ.

"ರಕ್ತ ಪರೀಕ್ಷೆ ಮಾಡಿದ್ರೆ ಅಲರ್ಜಿ ಇಳಿಯೋದಿರಲಿ, ಏರಿದೆ ಸಾರ್. ಮನೇಲಿ ಯಾರೋ ಕದ್ದು ಹಾಲು ಕೊಡ್ತಿದಾರೆ ಅಂತಾರೆ ಡಾಕ್ಟರು. ನಾನೇ ಅಂತಾರೆ ಅತ್ತೆ. ಸೋಮವಾರ ಮಗೂನ ಚಿಕಿತ್ಸೆಯಿಂದ ತೆಗೆದುಬಿಡ್ತಾರಂತೆ."

ಭಾವ ನಿಟ್ಟುಸಿರು ಬಿಟ್ಟು ಚಪ್ಪಲಿ ಹುಡುಕಿದರು.

ಅವರದು ಎರಡು ಕೋಣೆಯ ಮನೆ. ಅಡುಗೆಮನೆಯಲ್ಲಿ ಹಾಲಿನ ಸುಳಿವೇ ಇರಲಿಲ್ಲ. ನಮಗೆ ಸಿಕ್ಕಿದ್ದು ಕರಿ ಚಹಾ. ಅಂಥ ಸೆಕೆಯಲ್ಲೂ ಹುಡುಗಿ ತುಂಬುತೋಳಿನ ಅಂಗಿ ತೊಟ್ಟಿದ್ದಳು.

"ಇಸುಬು ಇದೆ, ತುರಿಸ್ಕೋತಾಳೆ. ಅದಕ್ಕೇ ಹಾಕಿದೀನಿ," ಎಂದರು ಹುಡುಗಿಯ ಅಜ್ಜಿ. "ಇವಳಿಗೆ ಇದನ್ನೆಲ್ಲ ನೋಡೋಕೆ ಪುರುಸೊತ್ತೆಲ್ಲಿ? ಬೆಳಗಾದ್ರೆ ಪಟ್ಟಿ ಅಂಟಿಸಿ ಓಡ್ತಾಳೆ, ಮಗು ಮಲಗಿದ ಮೇಲೆ ಬರ್ತಾಳೆ. ಸ್ನಾನ, ಊಟ ಎಲ್ಲಾ ನಂದೇ. ಬರ್ತಾ ಅದೇನು ಬಿಸ್ಕತ್ತು ತಂದು ಬೆಳಗ್ಗೆ ತಿನ್ನಿಸ್ತಾಳೋ!"

ಸೊಸೆ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಸಿಟ್ಟು ಬಂತು, ಆದರೆ ಭಾವ ನನ್ನ ಕಾಲು ತುಳಿದರು.

ಆಸ್ಪತ್ರೆಗೆ ಹಿಂತಿರುಗಿಸಬೇಕಾದ ಹಳೆಯ ಪಟ್ಟಿಗಳನ್ನು ಅಜ್ಜಿ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಒಂದೊಂದನ್ನೂ ಭಾವ ಬೆಳಕಿಗೆ ಹಿಡಿದರು. ಎಲ್ಲವೂ ನಟ್ಟನಡುವೆ ಮಡಿಚಿ ಸುಕ್ಕಾಗಿದ್ದವು. ಕೆಲವುಗಳಲ್ಲಿ ಒಣಗಿದ ಕಂದು ಕಲೆ ಇತ್ತು.

ಸೋಮವಾರ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು.

"ಹಾಲನ್ನ ಯಾರೂ ಕೊಟ್ಟಿಲ್ಲ," ಎಂದರು ಭಾವ. "ಬೆನ್ನು ಸಪಾಟಾದ ಜಾಗ. ಅಲ್ಲಿ ಅಂಟಿಸಿದ ಪಟ್ಟಿ ದಿನಾ ಒಂದೇ ಕಡೆ ಹೀಗೆ ಮಡಿಚೋದಿಲ್ಲ. ಮಡಿಚೋ ಜಾಗ ಮೊಣಕೈ ಒಳಬದಿ. ಈ ಕಲೆ ರಕ್ತದ್ದು, ಅಂದ್ರೆ ಚರ್ಮ ಒಡೆದಿತ್ತು. ತಾಯಿ ಬೆನ್ನಿಗೆ ಅಂಟಿಸಿ ಹೋದ ಮೇಲೆ ಸ್ನಾನ ಮಾಡಿಸಿದವರು ಅದನ್ನ ಕಿತ್ತು ಇಸುಬಿನ ಮೇಲೆ ಹಾಕಿದಾರೆ. ಅಮ್ಮಾ, ಮಗೂನ ಅಂಗಿ ತೋಳು ಮೇಲೆ ಮಡಿಸಿ ತೋರಿಸಿ."

ಅಜ್ಜಿ ತಾವೇ ಮೊಮ್ಮಗಳ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು. ಕೆಂಪಗೆ ಕಿತ್ತುಹೋದ ಚರ್ಮದ ಮೇಲೆ ಅವತ್ತಿನ ಪಟ್ಟಿ ಇತ್ತು.

"ಹೌದು, ನಾನೇ ಹಾಕಿದ್ದು. ಅದರಲ್ಲೇನು ತಪ್ಪು?" ಅವರ ದನಿಯಲ್ಲಿ ಕಳ್ಳತನವಿರಲಿಲ್ಲ. "ಗಾಯ ಇಲ್ಲಿ, ಔಷಧಿ ಬೆನ್ನಿಗೆ! ಇವಳು ಅವಸರದಲ್ಲಿ ಎಲ್ಲೋ ಅಂಟಿಸಿ ಓಡ್ತಾಳೆ ಅಂದ್ಕೊಂಡೆ. ನೋವಿರೋ ಜಾಗಕ್ಕೆ ತಾನೇ ಔಷಧಿ?"

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಚೆನ್ನಾಗಿರೋ ಚರ್ಮದಿಂದ ಒಳಗೆ ಹೋದ್ರೆ ದೇಹ ಅದನ್ನ ಬಾಗಿಲಿಂದ ಬಂದ ನೆಂಟ ಅಂದ್ಕೊಳ್ಳುತ್ತಮ್ಮ. ಒಡೆದ ಚರ್ಮದಿಂದ ಹೋದ್ರೆ ಗೋಡೆ ಒಡೆದು ಬಂದ ಕಳ್ಳ ಅನ್ನುತ್ತೆ, ದಿನಾ ದ್ವೇಷ ಬೆಳೆಸಿಕೊಳ್ಳುತ್ತೆ. ಬೆನ್ನಿಗೇ ಅಂದಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಮಗೂನ ತೆಗೆಯಲ್ಲ. ಮೊದಲು ಇಸುಬು ವಾಸಿಯಾಗಲಿ, ಆಮೇಲೆ ಹೊಸದಾಗಿ ಶುರುಮಾಡೋಣ."

ಅಜ್ಜಿ ಕಣ್ಣೊರೆಸಿಕೊಂಡು ಸೊಸೆಯತ್ತ ತಿರುಗಿದರು. "ನನ್ನ ಕೈಯಾರೆ ಮಾಡಿದೆನಲ್ಲೇ... ಮೇಲಿಂದ ನಿನ್ನೇ ಬೈದೆ."

ಸೊಸೆಯ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ, ಬರೀ ದಣಿವು. ಕೆಲಸಕ್ಕೆ ಹೊತ್ತಾಗಿತ್ತು, ಚೀಲ ಹೆಗಲಿಗೇರಿಸಿದಳು.

"ಅಳಬೇಡಿ ಅತ್ತೆ. ನಾನು ಕೆಲಸ ಬಿಡೋಕಾಗಲ್ಲ. ಮುಂದೆಯೂ ನೀವೇ ನೋಡ್ಕೋಬೇಕು."

ಮುದುಕಿಯ ಕೈ ಹಿಡಿದು ಮಗಳ ಬೆನ್ನ ಮೇಲೆ ಇಟ್ಟು ಒತ್ತಿದಳು. "ಇಲ್ಲಿ."