ಮೊದಲು ಎದುರಾಳಿಯ ಮಾತು

ಮಧ್ವೇಶ್ ಕೈ ಎತ್ತಿದಾಗ ನಿರುಪಮಾ ನೀರಿನ ಬಾಟಲಿಯ ಮುಚ್ಚಳವನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು. ಒಂದು ತಿಂಗಳಿಂದ ಅವಳ ಮೆಸೇಜುಗಳಿಗೆ ಅವನ ಉತ್ತರವಿಲ್ಲ. ಇವತ್ತು ಮಾತ್ರ ಮುಂದಿನ ಸಾಲಿನಲ್ಲೇ ಕೂತಿದ್ದಾನೆ, ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಿಂದ ನೇರವಾಗಿ, ಟೈ ಸಮೇತ, ಜಗಳಕ್ಕೆಂದೇ.

ಕಲ್ಲಾಂಗ್ ಬಡಾವಣೆಯ ಈ ಪುಟ್ಟ ಹಾಲ್‌ನಲ್ಲಿ ತಿಂಗಳಿಗೊಮ್ಮೆ ದೇಶ ಬಿಟ್ಟು ಬಂದ ಕನ್ನಡದವರು ಸೇರಿ ವಿಜ್ಞಾನದ ಬಗ್ಗೆ, ಸರಿ-ತಪ್ಪಿನ ಬಗ್ಗೆ ವಾದ ಮಾಡುತ್ತಾರೆ. ಯಾವುದನ್ನೂ ಸುಲಭಕ್ಕೆ ನಂಬದ ಜನ. ವಂಶದಲ್ಲಿ ಕಾಯಿಲೆ ಇರುವವರು ಮದುವೆಗೆ ಮುಂಚೆ ಜೀನ್ ಟೆಸ್ಟ್ ಮಾಡಿಸಲೇಬೇಕೆ ಅನ್ನುವುದು ಇಂದಿನ ವಿಷಯ. ಜೆನೆಟಿಕ್ಸ್ ಲ್ಯಾಬಿನ ನಿರುಪಮಾ ಬೇಕೇ ಬೇಕು ಅಂದಿದ್ದಳು. ಅಪ್ಪನ ಕೈ ನಡುಗುವುದನ್ನು ನೋಡುತ್ತಾ ಬೆಳೆದ ಒಬ್ಬನ ಉದಾಹರಣೆಯನ್ನೂ ಸ್ಲೈಡಿನಲ್ಲಿ ಹಾಕಿದ್ದಳು. ಆ ಮಗ ಯಾರು ಅಂತ ಹಾಲ್‌ನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

"ರೂಲ್ ನೆನಪಿದೆಯಲ್ಲಪ್ಪ," ಅಂದರು ಸಭೆ ನಡೆಸುವ ಸರಳಾ ಆಂಟಿ. "ಮೊದಲು ಅವಳ ವಾದ ನೀನು ಹೇಳು. ಅವಳು ಹೌದು ಅನ್ನಬೇಕು. ಆಮೇಲೆ ನಿನ್ನ ಬೈಗುಳ."

ಮಧ್ವೇಶ್ ಎದ್ದ. "ಟೆಸ್ಟ್ ಮಾಡಿಸದವನು ತನ್ನ ಭಯದಲ್ಲಿ ಅರ್ಧ ಇನ್ನೊಬ್ಬರ ತಲೆ ಮೇಲೆ ಹಾಕ್ತಾನೆ. ಮದುವೆ ಆಗೋಣ್ವಾ ಅಂತ ಅವಳು ಕೇಳಿದ್ರೆ ಮಾಯ ಆಗ್ತಾನೆ. ಅವಳು ಫೋನ್ ನೋಡ್ತಾ ಕೂತಿರ್ತಾಳೆ. ಸರೀನಾ?"

ಕೊನೆಯ ಎರಡು ಮಾತು ಅವಳ ಭಾಷಣದಲ್ಲಿ ಇರಲಿಲ್ಲ. ಅವಳ ಕಿವಿ ಬಿಸಿಯಾಯಿತು.

"ಹೌದು."

"ಈಗ ನಂದು. ತಿಳ್ಕೊಳ್ಳದೆ ಇರೋ ಹಕ್ಕೂ ನನಗಿದೆ. ಅದನ್ನ ಸ್ಲೈಡ್ ಮಾಡೋ ಹಕ್ಕು ನಿಮಗಿಲ್ಲ."

"ನಾನು ಯಾರ ಹೆಸರೂ ಹೇಳಿಲ್ಲ."

"ಕೈ ಬಗ್ಗೆ ಹೇಳಿದ್ರಲ್ಲ."

ಹಿಂದಿನ ಸಾಲಿನವರು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. "ಈಗ ನಿನ್ನ ಸರದಿ," ಅಂದರು ಆಂಟಿ. "ಅವನ ವಾದ ಹೇಳಮ್ಮ."

"ಅವರಿಗೆ ಭಯ."

"ಅಲ್ಲ," ಅಂದ ಮಧ್ವೇಶ್.

"ಅಹಂಕಾರ."

"ಅಲ್ಲ. ಲ್ಯಾಬಲ್ಲಿ ಇಷ್ಟೇನಾ ಕಲಿಸೋದು?"

ಅವನ ಬೆರಳುಗಳು ಪಕ್ಕದ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದವು. ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಲೋಟವನ್ನು ಅವನು ಯಾವಾಗಲೂ ಎರಡೂ ಕೈಯಲ್ಲಿ ಎತ್ತುತ್ತಾನೆ. ಚಳಿಯೇ ಇಲ್ಲದ ಊರಲ್ಲಿ ಇದೇನು ಸ್ಟೈಲು ಅಂತ ಅವಳು ರೇಗಿಸಿದ್ದಳು. ಅವನು ನಕ್ಕಿರಲಿಲ್ಲ.

ಅವಳು ಮೈಕ್ ಕೆಳಗಿಟ್ಟಳು.

"ರಿಸಲ್ಟ್ ಕೆಟ್ಟದ್ದಾದ್ರೆ, ಆಮೇಲೆ ನಾನು ಜೊತೆಗಿದ್ರೂ ಅದು ಇವರಿಗೆ ಕನಿಕರ ಅಂತ ಕಾಣುತ್ತೆ. ಈಗ ಜಗಳ ಆಡಿದ್ರೆ ಅದು ಬರೀ ಜಗಳ. ಅಷ್ಟು ಮಾಮೂಲಿಯಾಗಿ ಯಾರ ಜೊತೆಗಾದ್ರೂ ಬದುಕಬೇಕು ಅಂತ ಇವರಿಗೆ ಆಸೆ."

ಅವನು ಕುರ್ಚಿಯಿಂದ ಕೈ ತೆಗೆದ. "ಯಾರಾದ್ರೂ ಅಲ್ಲ," ಅಂದ. "ಉಳಿದಿದ್ದು ಹೌದು."

ಸಭೆ ಮುಗಿಸಿ ಅವಳು ಹೊರಗೆ ಬಂದಾಗ ಬಸ್ ಸ್ಟಾಪಿನಲ್ಲಿ ಅವನು ಒಬ್ಬನೇ ನಿಂತಿದ್ದ. ಹತ್ತದೆ ಎರಡು ಬಸ್ಸು ಬಿಟ್ಟಿದ್ದ.

"ಆ ಸ್ಲೈಡ್ ತೆಗೀತೀನಿ," ಅಂದಳು. "ಕೇಳದೆ ಹಾಕಿದ್ದು ತಪ್ಪು. ಟೆಸ್ಟ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ."

"ನಂದೂ."

"ಹಾಗಾದ್ರೆ ಜಗಳ ಮುಂದುವರಿಯುತ್ತೆ."

"ಎಷ್ಟು ದಿನ?"

"ಅದನ್ನೇ ನಾನು ಹೋದ ತಿಂಗಳು ಕೇಳಿದ್ದು. ನೀವು ಮಾಯ ಆದ್ರಿ."

ಅವನು ಟೈ ಸಡಿಲಿಸಿದ. "ಹೌದು. ಮದುವೆ ಆಗೋಣ. ಆದ್ರೆ ನಿಮ್ಮಷ್ಟು ಒರಟು ಭಾಷಣಕಾರರನ್ನ ನಾನು ಕಂಡಿಲ್ಲ."

"ನಿಮ್ಮಷ್ಟು ಕೆಟ್ಟ ಶ್ರೋತೃವನ್ನ ನಾನೂ ಕಂಡಿಲ್ಲ."

ಬಸ್ಸಿನ ಬೆಳಕಿನಲ್ಲಿ ಅವನು ಕೈ ಚಾಚಿದ. ನಡುಗುತ್ತಿದೆಯೇ ಅಂತ ನೋಡಲು ಹೋಗದೆ ಅವಳು ಹಿಡಿದುಕೊಂಡಳು.