ಹಿಟ್ಟು ಉಬ್ಬದ ಗಲ್ಲಿ

"ಏನ್ರೀ, ಇದು ಇಡ್ಲಿನಾ, ಪೇಪರ್‌ವೇಟಾ?"

ಅವನು ನನ್ನೊಡನೆ ಆಡಿದ ಮೊದಲ ಮಾತು ಇದು. ತಲೆಗೆ ಹಳದಿ ಹೆಲ್ಮೆಟ್, ಕೊರಳಲ್ಲಿ ಐಡಿ ಕಾರ್ಡ್: ಮಿಥುನ್, ಸೈಟ್ ಎಂಜಿನಿಯರ್. ಕೋಲ್ಕತ್ತದಲ್ಲಿ, ಹೂಗ್ಲಿ ದಂಡೆಯ ಗಲ್ಲಿಯೊಂದರಲ್ಲಿ ಬೆಂಗಳೂರಿನ ಕನ್ನಡ ಕೇಳಿ ನಾನು ಖುಷಿಪಡಬೇಕಿತ್ತು. ಮೈಯೆಲ್ಲ ಉರಿಯಿತು.

"ತಿನ್ನುದಾದ್ರೆ ತಿನ್ನಿ. ಇಲ್ಲದಿದ್ರೆ ಪ್ಲೇಟ್ ಅಲ್ಲಿಡಿ," ಅಂದೆ.

ತಿಂದ. ಇನ್ನೊಂದು ಪ್ಲೇಟ್ ಕೇಳಿದ. ಚಟ್ನಿ ನೋಡುವ ನೆಪದಲ್ಲಿ ನನ್ನನ್ನು ನೋಡುತ್ತಿದ್ದುದು ನನಗೇನು ತಿಳಿಯದೆ ಇರಲಿಲ್ಲ.

ಸಿಟ್ಟು ಬಂದದ್ದು ಅವನು ನಿಜ ಹೇಳಿದ್ದಕ್ಕೆ. ನಮ್ಮದು ಉಡುಪಿ ಕಡೆಯ ಮನೆ. ಅಪ್ಪಯ್ಯ ಮುರಾರಿ ಇದೇ ಊರಿನ ಕಾಳಿಘಾಟ್‌ನಲ್ಲಿ ಇಪ್ಪತ್ತೆಂಟು ವರ್ಷ ಕೇಟರಿಂಗ್ ಮಾಡಿದವರು. ಅಲ್ಲಿ ಜಾಗ ಸಾಲದೆ, ಅವನು ಬರುವ ಒಂದು ತಿಂಗಳ ಮುಂಚೆ ಅಡುಗೆಮನೆಯನ್ನು ಈ ಮುಚ್ಚಿದ ಬಣ್ಣದ ಕಾರ್ಖಾನೆಯ ಹಿಂದಿನ ಗಲ್ಲಿಗೆ ತಂದಿದ್ದೆವು. ಬಂದ ದಿನದಿಂದ ಹಿಟ್ಟು ಉಬ್ಬಲಿಲ್ಲ.

ಅದೇ ಅಕ್ಕಿ, ಅದೇ ಉದ್ದು, ಅದೇ ಗ್ರೈಂಡರ್. ಬೆಳಿಗ್ಗೆ ಮುಚ್ಚಳ ತೆಗೆದರೆ ಸಂಜೆ ಎಷ್ಟಿತ್ತೋ ಅಷ್ಟೇ. ಹುಳಿ ವಾಸನೆಯೂ ಇಲ್ಲ. ಮಲಗಿದವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವಂತೆ ನಾನು ದಿನಾ ಪಾತ್ರೆಯ ಮೇಲೆ ಬಗ್ಗಿ ನಿಲ್ಲುತ್ತಿದ್ದೆ.

ಬೆಲ್ಲದ ಡಬ್ಬಿಗೆ ಒಂದು ಇರುವೆ ಬರಲಿಲ್ಲ. ಅಜ್ಜಿಯ ತಿಥಿಯ ಪಿಂಡ ಸಂಜೆಯವರೆಗೆ ಹಿತ್ತಿಲಲ್ಲೇ ಒಣಗಿತು. ಮುಟ್ಟಲು ಕಾಗೆಯೇ ಇರಲಿಲ್ಲ. ಕಾರ್ಖಾನೆಗೆ ತಾಗಿದ ಗೋಡೆಯ ಬುಡದಲ್ಲಿ ಹಳದಿ ಕಲೆಗಳೆದ್ದಿದ್ದವು, ಐದೈದು ಬೆರಳುಗಳ ಹಾಗೆ. ಅವು ದಿನದಿನಕ್ಕೆ ಮೇಲೇರುತ್ತಿದ್ದವು.

"ಬಣ್ಣದ ತೊಟ್ಟಿಗೆ ಬಿದ್ದು ಸತ್ತವರು ಹತ್ತಿ ಬರ್ತಿದ್ದಾರೆ," ಅನ್ನುತ್ತಿದ್ದರು ಪಕ್ಕದ ಮನೆಯ ಚಂಪಾ ಮಾಶಿ, ಗಲ್ಲಿಗೆಲ್ಲ ಚಿಕ್ಕಮ್ಮ. ನಾನು ನಗುತ್ತಿದ್ದೆ. ಒಬ್ಬಳೇ ಇರುವಾಗ ಮಾತ್ರ ಆ ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಿರಲಿಲ್ಲ.

ಕಾರ್ಖಾನೆಯ ನೆಲವನ್ನು ಶುದ್ಧ ಮಾಡಿ ಅಲ್ಲಿ ಪಾರ್ಕ್ ಮಾಡುವುದು ಮಿಥುನ್‌ನ ಕಂಪನಿಯ ಕೆಲಸ. ಕೆಲಸದ ಕೊನೆಗೆ, ಒಂದು ಭಾನುವಾರ, ಗಲ್ಲಿಯ ಜನರ ಮುಂದೆ ಅವನು 'ಎಲ್ಲ ಕ್ಲೀನ್' ಎಂಬ ರಿಪೋರ್ಟ್ ಓದಬೇಕಿತ್ತು. ಅದಕ್ಕೂ ಮುಂಚಿನ ಎರಡು ತಿಂಗಳು, ದಿನಾ ಹನ್ನೊಂದಕ್ಕೆ ಸರಿಯಾಗಿ ಬಂದು ಇಡ್ಲಿ ತಿಂದ.

"ನಿಮ್ಮ ಹೆಸರು ಮಾನ್ಯ ಅಂತೆ. ನನ್ನ ಮಾತು ಮಾತ್ರ ಯಾವತ್ತೂ ಮಾನ್ಯ ಮಾಡಲ್ಲ."

"ಹಳೇ ಜೋಕ್. ಸ್ಕೂಲಲ್ಲೇ ಕೇಳಿ ಆಗಿದೆ."

ಅವನ ಕಿವಿ ಕೆಂಪಾಯಿತು. ಆ ಕಿವಿ ನನಗೆ ಇಷ್ಟವಾಯಿತು, ಸುಳ್ಳೇಕೆ.

ಆ ಭಾನುವಾರಕ್ಕೆ ಮೂರು ದಿನ ಇರುವಾಗ, ಗುರುವಾರ, ಅವನಿಗೆ ಗೋಡೆ ತೋರಿಸಿದೆ. ಸೋಮವಾರ ಕಲೆಯ ತುದಿಗೆ ಪೆನ್ಸಿಲ್ ಗೆರೆ ಎಳೆದಿದ್ದೆ. ಕಲೆ ಅದನ್ನು ಎರಡು ಬೆರಳು ದಾಟಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ನೋಡಿದ. ಮುಖದ ನಗು ಹೋಯಿತು.

"ನೀರು ಎಲ್ಲಿಂದ ತರ್ತೀರಿ?"

"ಗಲ್ಲಿಯ ಬೋರಿಂದ. ಎಲ್ಲರಿಗೂ ಅದೇ."

"ನಾನು ಟೆಸ್ಟ್ ಮಾಡಿದ್ದು ಕಾಂಪೌಂಡ್ ಒಳಗಡೆ ಮಾತ್ರ," ಅಂದ ಮೆಲ್ಲಗೆ.

ಬ್ಯಾಗಿನಿಂದ ಪುಟ್ಟ ಗಾಜಿನ ಬಾಟಲಿ ತೆಗೆದು ನಮ್ಮ ಕೊಡದ ನೀರು ತುಂಬಿ, ಏನೋ ಔಷಧಿ ಹಾಕಿದ. "ಐದು ನಿಮಿಷ. ಬಣ್ಣ ಬರಬಾರದು."

ಪಕ್ಕಪಕ್ಕ ನಿಂತೆವು. ಅವನ ತೋಳು ನನ್ನ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ. ನಡುಹಗಲು, ಹೊರಗೆ ಒಂದು ಹಕ್ಕಿಯ ದನಿಯಿಲ್ಲ. ಬಾಟಲಿಯ ತಳದಲ್ಲಿ ಗುಲಾಬಿ ಎಳೆಯೊಂದು ಎದ್ದಿತು, ನಿಧಾನಕ್ಕೆ ಹರಡಿತು, ದಟ್ಟವಾಯಿತು. ಮದುವೆಯ ಸೀರೆಗೆ ಹುಡುಕುವಂಥ ಬಣ್ಣ. ಅಷ್ಟು ಚೆಂದದ್ದನ್ನು ನೋಡಿ ಅಷ್ಟು ಹೆದರಿದ್ದು ಅದೇ ಮೊದಲು.

"ಕ್ರೋಮಿಯಂ," ಅಂದ. "ಕಾರ್ಖಾನೆ ಬಿಟ್ಟುಹೋದ ವಿಷ. ನೆಲದಡಿಯಿಂದ ಹರಿದು ಬರ್ತಿದೆ. ಗೋಡೆ ಮೇಲಿರೋದೂ ಅದೇ, ಹಿಟ್ಟು ಉಬ್ಬೋಕೆ ಬಿಡದೇ ಇರೋದೂ ಅದೇ."

ಈ ನೀರಲ್ಲಿ ಬೇಯಿಸಿ ಮೂರು ತಿಂಗಳು ಊರಿಗೆಲ್ಲ ಬಡಿಸಿದ್ದೆ. ಇವನಿಗೂ. ಅಳು ಬಂತು, ಅದು ಜಗಳವಾಗಿ ಹೊರಬಿತ್ತು. "ಗಟ್ಟಿ ಉಂಟು ಅಂತ ಗೊತ್ತಿದ್ದೂ ದಿನಾ ಎಂತಕ್ಕೆ ತಿಂದದ್ದು ನೀವು?"

ಅವನು ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. "ಗಟ್ಟಿ ಇಡ್ಲಿ ಮುಗಿಯೋಕೆ ಜಾಸ್ತಿ ಹೊತ್ತು ಬೇಕಲ್ವಾ. ಅಷ್ಟು ಹೊತ್ತೂ ನೀವು ಎದುರಿಗೆ ಇರ್ತಿದ್ರಿ."

ಒಲೆ ಆಗಲೇ ಆರಿಸಿದೆ. ಗಲ್ಲಿಯವರಿಗೆಲ್ಲ ಆ ನೀರು ಕುಡಿಯಬೇಡಿ ಎಂದು ಇಬ್ಬರೂ ಮನೆಮನೆಗೆ ಹೋಗಿ ಹೇಳಿದೆವು. ಅರ್ಧ ಜನ ನಂಬಲಿಲ್ಲ.

"ಭಾನುವಾರ ನನ್ನ ರಿಪೋರ್ಟ್ ತಪ್ಪು ಅಂತ ಹೇಳ್ತೀನಿ," ಅಂದ ಮಿಥುನ್. "ಕೆಲಸ ಹೋಗುತ್ತೆ, ಹೋಗ್ಲಿ. ನಿಮ್ಮ ಅಡುಗೆಮನೆ ವಿಷಯ ಮಾತ್ರ ಎತ್ತಲ್ಲ. ಅಪ್ಪನ ಹೆಸರು ಹಾಳಾಗುತ್ತೆ."

"ಎತ್ತದಿದ್ರೆ ನಮ್ಮಲ್ಲಿ ಊಟ ಮಾಡಿದವರಿಗೆ ಗೊತ್ತಾಗುದು ಹೇಗೆ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಪ್ಪಯ್ಯ ಗ್ರೈಂಡರ್ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಭಾನುವಾರ ನದಿಯಿಂದ ಮಂಜು ಎದ್ದು, ಸಭೆ ಸೇರಿದ್ದ ಕ್ಲಬ್ಬಿನ ಹಾಲ್‌ವರೆಗೆ ಬಂದಿತ್ತು. ಮಿಥುನ್ ರಿಪೋರ್ಟ್ ಮಡಚಿಟ್ಟು, ಮೇಜಿನ ಮೇಲೆ ಬೋರಿನ ನೀರಿನ ಬಾಟಲಿ ಇಟ್ಟು ಔಷಧಿ ಹಾಕಿದ. ಐದು ನಿಮಿಷ ಇಡೀ ಹಾಲ್ ಬಾಟಲಿಯನ್ನೇ ನೋಡಿತು. ಬಣ್ಣ ಬಂತು. "ನಾನು ಗೋಡೆಯ ಹೊರಗೆ ನೋಡಲೇ ಇಲ್ಲ. ತಪ್ಪು ನನ್ನದು," ಅಂದ. ಮುಂದಿನ ಸಾಲಿನಲ್ಲಿದ್ದ ಅವನ ಮೇಲಧಿಕಾರಿ ಎದ್ದು ಹೊರಟುಹೋದರು.

ನಾನು ಎದ್ದು ನಿಂತೆ. ನಮ್ಮ ಅಡುಗೆ ಇದೇ ನೀರಿನದು, ನಮಗೂ ಗೊತ್ತಿರಲಿಲ್ಲ, ತಿಂದವರೆಲ್ಲ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಬಂಗಾಳಿಯಲ್ಲಿ ಹೇಳಿದೆ. ಅಪ್ಪಯ್ಯ ನನ್ನ ಪಕ್ಕಕ್ಕೆ ಬಂದು ಎಲ್ಲರಿಗೂ ಕೈಮುಗಿದರು. ಯಾರೋ ಬೈದರು. ಚಂಪಾ ಮಾಶಿ ಬಂದು ನನ್ನ ಕೈ ಹಿಡಿದು ನಿಂತರು.

ಬೋರಿನ ಹ್ಯಾಂಡಲ್ ಕಿತ್ತರು. ಟ್ಯಾಂಕರ್ ನೀರು ಬಂತು, ಗೋಡೆಯ ಈಚೆಗೂ ಅಗೆತ ಶುರುವಾಯಿತು. ನಮ್ಮ ಮೂರು ಮದುವೆ ಆರ್ಡರ್ ರದ್ದಾದವು. ಮಿಥುನ್‌ನ ಐಡಿ ಕಾರ್ಡ್ ಹೋಯಿತು.

ನಾವು ಕಾಳಿಘಾಟ್‌ನ ಹಳೆಯ ಇಕ್ಕಟ್ಟಿಗೇ ಮರಳಿದೆವು. ಮೊದಲ ದಿನ ಅಕ್ಕಿ ನೆನೆಸುವ ಮುಂಚೆ ಮಿಥುನ್ ಬಾಟಲಿ ಹಿಡಿದು ಬಂದ.

"ಐದು ನಿಮಿಷ. ಬಣ್ಣ ಬರದಿದ್ರೆ ಒಂದು ಮಾತು ಕೇಳ್ತೀನಿ."

"ಬಂದ್ರೆ?"

"ಬೇರೆ ನೀರು ತಂದು ಮತ್ತೆ ಕೇಳ್ತೀನಿ."

ಕಾದೆವು. ನಿಜ ಹೇಳಬೇಕೆಂದರೆ, ನಾಲ್ಕನೆಯ ನಿಮಿಷದಲ್ಲಿ ನನಗೆ ನೀರು ಗುಲಾಬಿಯಾದಂತೆ ಕಂಡಿತು. ಕಣ್ಣುಜ್ಜಿ ನೋಡಿದೆ. ನೀರು ನೀರಾಗಿಯೇ ಇತ್ತು.

ಅವನು ಕೇಳಿದ. ನಾನು ಬೆಳಿಗ್ಗೆ ಹೇಳ್ತೇನೆ ಅಂದೆ.

ಬೆಳಿಗ್ಗೆ ಹಿಟ್ಟು ಮುಚ್ಚಳವನ್ನು ಎತ್ತಿ, ಪಾತ್ರೆಯಿಂದ ಇಳಿದು, ಕಟ್ಟೆಯ ಮೇಲೆ ಹರಿದಿತ್ತು. ಒರೆಸಲು ಬಟ್ಟೆ ತಂದವಳು ಹಾಗೇ ನಿಂತೆ. ಇರುವೆಗಳು ಬಂದಿದ್ದವು. ಸಾಲಾಗಿ, ಗಡಿಬಿಡಿಯಿಂದ, ಬದುಕಿದ್ದವು.

ಅವನಿಗೆ ಫೋನ್ ಮಾಡಿದೆ. "ಇಡ್ಲಿಗೆ ಬನ್ನಿ. ಇವತ್ತು ಮೆತ್ತಗೆ ಉಂಟು. ಬೇಗ ಮುಗೀತದೆ."

"ಆಮೇಲೆ?"

"ಮುಗಿದ ಮೇಲೂ ನಾನು ಎದುರಿಗೇ ಇರ್ತೇನೆ," ಅಂದೆ.